ರೈಟ್ ಹಾಕಿ ಸಹಿ ಮಾಡಿದವರು

ನಮ್ಮ ಕನ್ನಡ ಮೇಷ್ಟ್ರ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಸದಾ ಕೆಂಪು ಶಾಯಿ ಹತ್ತಿಕೊಂಡಿರುತ್ತಿತ್ತು. ಊಟಕ್ಕೆ ಮುಂಚೆ ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರು ಮುದ್ದೆ ಮುರಿಯುವಾಗ ನಾವೆಲ್ಲ ಅದನ್ನು ನೋಡಿ ನಗುತ್ತಿದ್ದೆವು. ಮಕ್ಕಳ ಕಾಪಿ ಪುಸ್ತಕವನ್ನೂ ಬಿಡದೆ ಓದಿ, ಉದ್ದ ಬಾಲದ ರೈಟ್ ಎಳೆದು, ಕೆಳಗೆ ಪೂರ್ತಿ ಸಹಿ ಹಾಕುವ ಆಸಾಮಿ. ಇನಿಶಿಯಲ್ ಸಾಕಲ್ಲ ಸಾರ್ ಎಂದರೆ, "ಓದಿರೋದು ನಾನೇ ಅಂತ ಮಗೂಗೆ ಗೊತ್ತಾಗ್ಬೇಕಲ್ಲಮ್ಮ" ಎನ್ನುತ್ತಿದ್ದರು.

ಹೊಸಕೋಟೆ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆ ನಮ್ಮದು. ನಾನು ಗಣಿತ ಪಾಠಕ್ಕೆ ಸೇರಿ ನಾಲ್ಕು ವರ್ಷವಾಗಿದ್ದರೂ ನೇಮಕಾತಿಗೆ ಅನುಮೋದನೆ ಬಂದಿರಲಿಲ್ಲ. ಕಡತವಿದ್ದದ್ದು ಆಡಳಿತ ಮಂಡಳಿಯ ಕಾರ್ಯದರ್ಶಿಗಳ ಕೈಯಲ್ಲಿ. ಆಗಲೇ ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕೆ ಚುನಾವಣೆ ಬಂತು. ಹಳೆಯ ಸದಸ್ಯರು ಮತ್ತೆ ನಿಲ್ಲುವುದಿಲ್ಲ ಎಂದಿದ್ದರಿಂದ ತೆರವಾದ ಸ್ಥಾನಕ್ಕೆ ಕಾರ್ಯದರ್ಶಿಗಳ ಬೀಗರು ನಿಂತರು. ಅವರ ಎದುರಿಗೆ, ನಮ್ಮ ಪಿಂಚಣಿಗಾಗಿ ಚಪ್ಪಲಿ ಸವೆಸಿದ್ದ ಒಬ್ಬ ನಿವೃತ್ತ ಶಿಕ್ಷಕರು.

ಕಾರ್ಯದರ್ಶಿಗಳು ನಮ್ಮನ್ನು ಸಾಲಾಗಿ ನಿಲ್ಲಿಸಿಕೊಂಡು ಹೇಳಿದರು: "ನೋಡ್ರಪ್ಪ, ನಮ್ಮ ಸ್ಕೂಲಿಂದ ಒಂದು ಓಟೂ ಆ ಕಡೆ ಹೋಗ್ಬಾರ್ದು. ಹೋದ್ರೆ ನಂಗೆ ಗೊತ್ತಾಗತ್ತೆ." ಹೇಗೆ ಗೊತ್ತಾಗುತ್ತದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೊರಗೆ ಬಂದಮೇಲೆ ಮೇಷ್ಟ್ರು, "ಓಟು ಹಾಕೋ ಮರೆಯಲ್ಲಿ ನೀನೊಬ್ಳೇ ಇರ್ತೀಯ ಕಣಮ್ಮ. ಯಾರು ಬೇಕೋ ಅವ್ರಿಗೆ ಹಾಕು" ಎಂದರು.

ಆ ಚುನಾವಣೆಯಲ್ಲಿ ಗುಂಡಿ ಒತ್ತುವುದಿಲ್ಲ. ಅಲ್ಲೇ ಕೊಡುವ ಪೆನ್ನಿನಿಂದ, ಮೆಚ್ಚಿದ ಹೆಸರಿನ ಮುಂದೆ ಒಂದು ಎಂಬ ಅಂಕಿ ಬರೆಯಬೇಕು. ಬೇರೆ ಗುರುತು ಹಾಕಿದರೆ, ಸಹಿ ಮಾಡಿದರೆ ಮತ ತಿರಸ್ಕೃತ. ಇದನ್ನು ಬೋರ್ಡಿನ ಮೇಲೆ ಬರೆದು ನಮಗೆಲ್ಲ ಹೇಳಿಕೊಟ್ಟವರೇ ಮೇಷ್ಟ್ರು.

ಎಣಿಕೆಯ ದಿನ ಬೀಗರ ಏಜೆಂಟಾಗಿ ಕೂತಿದ್ದ ಕಾರ್ಯದರ್ಶಿಗಳ ಮುಂದೆ ಅಧಿಕಾರಿಯೊಬ್ಬರು ತಿರಸ್ಕೃತ ಮತವೊಂದನ್ನು ಎತ್ತಿ ತೋರಿಸಿದರಂತೆ. ನಿವೃತ್ತ ಶಿಕ್ಷಕರ ಹೆಸರಿನ ಮುಂದೆ ಉದ್ದ ಬಾಲದ ರೈಟ್, ಕೆಳಗೆ ಪೂರ್ತಿ ಸಹಿ. ಮೂವತ್ತು ವರ್ಷ ತಿದ್ದಿದ ಕೈ ತಾನಾಗಿಯೇ ಓಡಿಬಿಟ್ಟಿತ್ತು. ಗೆದ್ದದ್ದು ಬೀಗರೇ.

ಮೊದಲು ಮೇಷ್ಟ್ರಿಂದ ಹತ್ತನೇ ತರಗತಿ ಕಿತ್ತುಕೊಂಡರು, ಆಮೇಲೆ ಎಲ್ಲ ತರಗತಿಗಳನ್ನೂ. ನಿವೃತ್ತಿಗೆ ಉಳಿದಿದ್ದ ಎರಡು ವರ್ಷ ಅವರನ್ನು ಗ್ರಂಥಾಲಯವೆಂಬ ಒಂದೇ ಕಿಟಕಿಯ ಕೋಣೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರಿಸಿದರು. ಅತ್ತ ರಾಜೀನಾಮೆ ಕೊಟ್ಟರೆ ಪಿಂಚಣಿಗೆ ಕುತ್ತು, ಇತ್ತ ಗೋಡೆಯಾಚೆ ಬೇರೊಬ್ಬರು ತಮ್ಮ ಪಾಠ ಓದಿಸುವುದನ್ನು ಕೇಳುತ್ತಾ ಕೂರಬೇಕು. ನಾವು ಆ ಬಾಗಿಲ ಮುಂದೆ ಹೋಗುವಾಗ ನಡಿಗೆ ಚುರುಕು ಮಾಡುತ್ತಿದ್ದೆವು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಒಂದು ಮಧ್ಯಾಹ್ನ ತಡೆಯಲಾರದೆ ಒಳಗೆ ಹೋದೆ. "ಸಾರ್, ನಾನು ಬೀಗರಿಗೇ ಹಾಕಿದ್ದು" ಎಂದೆ.

"ನಿನ್ನ ಫೈಲು ಅವ್ರ ಹತ್ರ ಇತ್ತಲ್ಲಮ್ಮ" ಎಂದು ಕುರ್ಚಿ ತೋರಿಸಿದರು. "ಕೂತ್ಕೋ. ಇಲ್ಲಿ ಮಾತಾಡೋಕೆ ಯಾರೂ ಬರಲ್ಲ."

ಬೈದಿದ್ದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು.

ನಿವೃತ್ತರಾದ ವರ್ಷವೇ ಮೇಷ್ಟ್ರು ತೀರಿಕೊಂಡರು. ನನ್ನ ಕೆಲಸ ಕಾಯಂ ಆಗಿದೆ, ಇನ್ನು ಯಾರೂ ಅದನ್ನು ಕಸಿಯಲಾರರು. ಈಗ ಅದೇ ಕ್ಷೇತ್ರಕ್ಕೆ ಮತ್ತೆ ಚುನಾವಣೆ. ಮೊನ್ನೆ ಕಾರ್ಯದರ್ಶಿಗಳು ಕರೆಸಿ, ಯಾರಿಗೆ ಹಾಕಬೇಕೆಂದು ಹೆಸರು ಹೇಳಿದರು. ಆಗುವುದಿಲ್ಲ ಎನ್ನಬೇಕೆಂದು ಮನೆಯಿಂದಲೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನನ್ನ ಬಾಯಿಂದ ಬಂದದ್ದು, "ಆಗ್ಲಿ ಸಾರ್."