ಭಾವ ಕಾರಿನಿಂದ ಇಳಿಯಲಿಲ್ಲ

ನನ್ನ ಗಂಡನ ಅಕ್ಕನ ಗಂಡನನ್ನು ನಾನು ಭಾವ ಎಂದು ಕರೆಯುವುದು ಬಾಯಿಯ ಮಟ್ಟಿಗೆ ಮಾತ್ರ. ಮನಸ್ಸಿನಲ್ಲಿ ಇಟ್ಟಿರುವ ಹೆಸರು ಇಲ್ಲಿ ಬರೆಯುವಂಥದ್ದಲ್ಲ.

ಹೋದ ಚಳಿಗಾಲದಲ್ಲಿ ಅವರೂ ಅತ್ತಿಗೆಯೂ ಆಸ್ಟ್ರೇಲಿಯಾದ ಮಗಳ ಮನೆಯಿಂದ ಊರಿಗೆ ಮರಳುವಾಗ ಕತಾರಿನಲ್ಲಿ, ಅಲ್ ವುಕೈರ್‌ನ ನಮ್ಮ ಫ್ಲ್ಯಾಟಿನಲ್ಲಿ ಕೆಲವು ದಿನ ತಂಗಿದರು. ಭಾವನ ತಲೆಯ ಮೇಲೆ ಅಗಲ ಅಂಚಿನ ಚರ್ಮದ ಟೋಪಿ. ಊಟಕ್ಕೆ ಕುಳಿತಾಗಲೂ ಅದು ಕೆಳಗಿಳಿಯುತ್ತಿರಲಿಲ್ಲ. ಮಗಳು ಅಳಿಯ ಅವರನ್ನು ಅಲ್ಲಿನ ಹಳ್ಳಿಗಾಡಿನಲ್ಲೆಲ್ಲ ಕಾರಿನಲ್ಲಿ ಸುತ್ತಾಡಿಸಿದ್ದರಂತೆ. ಆ ಪ್ರವಾಸದ ಕಥೆ ನಮ್ಮ ಮನೆಯಲ್ಲಿ ಬೆಳಗಿನ ಚಹಾದಿಂದ ರಾತ್ರಿಯ ಗಂಜಿಯವರೆಗೆ ಹರಿಯಿತು.

"ಹಳ್ಳಿ ಅಂದ್ರೆ ಅಲ್ಲಿಯದ್ದು ಮಾರಾಯ್ರೆ. ಇಲ್ಲಿ ಎಂತ ಉಂಟು? ಧೂಳು."

ಮದುವೆಯಾಗಿ ಬಂದಂದಿನಿಂದ ನಾನು ಬದುಕಿದ್ದು ಆ ಧೂಳಿನಲ್ಲೇ. ನನಗೆ ಮೈ ಉರಿಯಿತು. ಶುಕ್ರವಾರ ಉತ್ತರದ ಕಡೆ ಒಂದು ಸುತ್ತು ಹೋಗುವ ಎಂದು ನಾನೇ ಹೇಳಿದೆ. ನನ್ನ ಗಂಡ ಹೂಂ ಎಂದರು. ಅವರು ತಮ್ಮ ಭಾವನ ಎದುರು ಬೇರೆ ಯಾವ ಅಕ್ಷರವನ್ನೂ ಆಡಿದವರಲ್ಲ.

ಮುಂದಿನ ಸೀಟು ಭಾವನಿಗೆ; ಅದನ್ನು ಯಾರೂ ಕೊಟ್ಟದ್ದಲ್ಲ, ಅವರೇ ಹತ್ತಿ ಕುಳಿತದ್ದು. ಹಿಂದೆ ನಾನು ಮತ್ತು ಅತ್ತಿಗೆ. ಉಮ್ಮ್ ಸಲಾಲ್‌ನಲ್ಲಿ ಹಳೆಯ ಕಾವಲು ಗೋಪುರಗಳ ಬಳಿ ಕಾರು ನಿಲ್ಲಿಸಿದೆವು. ಭಾವ ಗಾಜು ಇಳಿಸಿ, ಮೊಬೈಲ್ ಹೊರಗೆ ಚಾಚಿ, "ಹಲೋ ಫ್ರೆಂಡ್ಸ್, ನಾವೀಗ ಮರುಭೂಮಿಯ ನಡುವೆ ಇದ್ದೇವೆ" ಎಂದರು. ಅವರ ಬೆನ್ನ ಹಿಂದೆ ಒಂದು ಸೂಪರ್‌ಮಾರ್ಕೆಟ್ ಇತ್ತು. ಗಾಜು ಏರಿತು. "ಯಲ್ಲಾ, ಹೋಗುವ!" ಕತಾರಿಗೆ ಬಂದ ಮೇಲೆ ಅವರು ಕಲಿತ ಒಂದೇ ಅರಬ್ಬಿ ಪದ ಅದು.

ಜುಬಾರಾ ಕೋಟೆಯಲ್ಲೂ ಅದೇ ಕಥೆ. ಅತ್ತಿಗೆ ಬಾಗಿಲಿಗೆ ಕೈ ಹಾಕಿದಾಗ, "ಇದಕ್ಕೆಲ್ಲ ಇಳಿಯುವುದಾ? ನಮ್ಮ ಊರಿನ ಗೋಡೌನು ಇದಕ್ಕಿಂತ ದೊಡ್ಡದುಂಟು" ಎಂದರು. ಅತ್ತಿಗೆ ಕೈ ಹಿಂದಕ್ಕೆ ತೆಗೆದುಕೊಂಡರು. ಸಮುದ್ರದ ದಂಡೆಯಲ್ಲಿ ಜನ ಬಿಟ್ಟುಹೋದ ಮೀನುಗಾರರ ಹಳ್ಳಿಯೊಂದಿದೆ. ಅಲ್ಲಿ ತಲುಪುವ ಹೊತ್ತಿಗೆ ಭಾವ ನಿದ್ದೆಹೋಗಿದ್ದರು, ಟೋಪಿ ಮೂಗಿನ ಮೇಲೆ ಜಾರಿತ್ತು. ನಾವು ಇಳಿಯಬಹುದಿತ್ತು. ಆದರೆ ಅತ್ತಿಗೆ "ಬೇಡ, ಎದ್ದರೆ ಬೈತಾರೆ" ಎಂದು ಪಿಸುಗುಟ್ಟಿದರು.

"ಆಸ್ಟ್ರೇಲಿಯಾದಲ್ಲಿ ಎಂತೆಲ್ಲ ನೋಡಿದ್ರಿ ಅತ್ತಿಗೆ?" ನಾನೂ ಪಿಸುಗುಟ್ಟಿದೆ.

"ಗಾಜಿನಿಂದ ಕಂಡದ್ದು. ಕುರಿಗಳು. ಇವರಿಗೆ ಇಳಿಯಲಿಕ್ಕೆ ಉದಾಸೀನ."

ಇಷ್ಟು ದಿನ ನಮ್ಮ ತಲೆ ತಿಂದ ಮಹಾಯಾತ್ರೆಯ ಬಂಡವಾಳ ಇಷ್ಟೇ! ನನಗೆ ನಗು ಬರಬೇಕಿತ್ತು. ಅತ್ತಿಗೆಯ ಮುಖ ನೋಡಿ ಬರಲಿಲ್ಲ.

ಮರಳುವಾಗ ಅಲ್ ಥಖೀರಾದಲ್ಲಿ ಕಡಲಿನ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಕಾಡಿನ ಬಳಿ ನಿಲ್ಲಿಸಿ ಎಂದು ಗಂಡನಿಗೆ ಹೇಳಿದೆ. ಕಡಲು ಇಳಿತದ ಹೊತ್ತು. ಮರಳಿನ ಅಂಚಿನಲ್ಲೇ ಹಸಿರು ಗಿಡಗಳ ಸಾಲು, ನಡುವೆ ಮೊಣಕಾಲುದ್ದದ ನೀರು. ಭಾವ ಎಚ್ಚರವಾಗಿ, "ಕೆಸರು. ಐದು ನಿಮಿಷ ನೋಡಿ ಹೋಗುವ, ಕೂತಲ್ಲೇ ಕಾಣ್ತದೆ" ಎಂದರು.

ಅತ್ತಿಗೆ ಬಾಗಿಲು ತೆರೆದರು, ಚಪ್ಪಲಿ ಬಿಟ್ಟರು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ನೀರಿಗಿಳಿದೇಬಿಟ್ಟರು. ನಾನು ಹಿಂದೆ ಓಡಿದೆ. ಕಾಂಡ್ಲಾದ ಬೇರುಗಳ ನಡುವೆ ಏಡಿಗಳು ಸರಸರನೆ ಅಡಗಿದವು. ಕೊಕ್ಕರೆಯೊಂದು ನಮ್ಮನ್ನು ಲೆಕ್ಕಕ್ಕೇ ಇಡದೆ ನಿಂತಿತ್ತು. "ನಮ್ಮ ಹೊಳೆಬದಿಯ ಹಾಗೆಯೇ ಉಂಟಲ್ಲ!" ಎಂದು ಅತ್ತಿಗೆ ಬಗ್ಗಿ ಕೆಸರನ್ನು ಮುಷ್ಟಿಯಲ್ಲಿ ಹಿಡಿದು ಮೂಸಿದರು.

ಹಿಂದಿನಿಂದ ಹಾರ್ನ್ ಕೇಳಿಸಿತು. ಭಾವ ಡ್ರೈವರ್ ಸೀಟಿನತ್ತ ವಾಲಿ ಒತ್ತುತ್ತಿದ್ದರು. ಪಿಕ್ನಿಕ್‌ಗೆ ಬಂದಿದ್ದ ಕುಟುಂಬಗಳೆಲ್ಲ ತಿರುಗಿ ನೋಡಿದವು. ನನ್ನ ಗಂಡ ಕಾರಿನಿಂದ ಇಳಿದು ಬೇರೆ ಯಾರದೋ ಕಾರಿಗೆ ಸೇರಿದವರಂತೆ ದೂರ ನಿಂತರು.

"ಅತ್ತಿಗೆ, ಕರೀತಿದ್ದಾರೆ."

"ಕರೀಲಿ."

ಮತ್ತೆ ಹಾರ್ನ್. ಅತ್ತಿಗೆ ಇನ್ನಷ್ಟು ಒಳಕ್ಕೆ ನಡೆದರು. ಬೆಳಕು ಕೆಂಪಾಗುವವರೆಗೂ ಹಿಂದಿರುಗಲಿಲ್ಲ. ಕಾರು ಹತ್ತುವಾಗ ಭಾವ, "ಕಾಲು ತೊಳ್ಕೊಳ್ಳದೆ ಹತ್ತಿದ್ಯಾ?" ಎಂದು ಗದರಿದರು. "ಹೌದು" ಎಂದಷ್ಟೇ ಹೇಳಿ ಅತ್ತಿಗೆ ಕಾಲು ಚಾಚಿ ಕುಳಿತರು.

ಮರುದಿನ ಅಲ್ ಹಿಲಾಲ್‌ನಲ್ಲಿ ನಮ್ಮ ಊರಿನವರ ಮನೆಯಲ್ಲಿ ಊಟ. ನೀರು ದೋಸೆ, ಕೋಳಿ ಸಾರು, ಹತ್ತಾರು ಜನ. ಭಾವ ಟೋಪಿ ಸರಿಮಾಡಿಕೊಂಡು, ಕಾಂಡ್ಲಾ ಕಾಡಿನಲ್ಲಿ ತಾವು ಹೇಗೆ ನಡೆದರು, ಏಡಿಗಳು ಕಾಲಿಗೆ ಹೇಗೆ ತಾಗಿದವು ಎಂದು ವರ್ಣಿಸತೊಡಗಿದರು. ನಾಚಿಕೆಯ ಎಳೆಯೂ ಅವರ ಮುಖದಲ್ಲಿರಲಿಲ್ಲ. ನನ್ನ ಗಂಡ ದೋಸೆಯನ್ನೇ ನೋಡುತ್ತಿದ್ದರು.

"ನೀವು ಕಾರಿನಲ್ಲೇ ಇದ್ರಿ," ಅತ್ತಿಗೆ ಸಾರು ಬಡಿಸುತ್ತಲೇ ಅಂದರು. "ಅಲ್ಲಿಗೆ ಹೋದದ್ದು ನಾನು."

ಆಮೇಲೆ ಅವರೇ ಹೇಳಿದರು, ಕೆಸರಿನ ವಾಸನೆಯಿಂದ ಕೊಕ್ಕರೆಯವರೆಗೆ. ಎಲ್ಲರೂ ಕೇಳಿದರು. ಭಾವ ಮೊಬೈಲಿನಲ್ಲಿ ಆಸ್ಟ್ರೇಲಿಯಾದ ಕುರಿಗಳ ವಿಡಿಯೊ ಹುಡುಕಿ ಎತ್ತಿ ಹಿಡಿದರು. ಯಾರೂ ಅತ್ತ ನೋಡಲಿಲ್ಲ. ನಾನು ಇನ್ನೊಂದು ದೋಸೆ ಹಾಕಿಸಿಕೊಂಡೆ.