ಏಳನೇ ಪ್ರಶ್ನೆಯ ರಾಮಮ್ಮ

ಬೆಳಗಿನ ಐದೂವರೆ. ನಾಯಂಡಹಳ್ಳಿಯ ಗೋದಾಮುಗಳ ಹಿಂದಿನ ಶೀಟಿನ ಮನೆಗಳ ಸಾಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಾಲಿನ ಕೊನೆಯಲ್ಲಿರುವ ಬಾಗಿಲಿಲ್ಲದ ಕೋಣೆಯಲ್ಲಿ ರಾಮಮ್ಮ ಸ್ಟೂಲಿನ ಮೇಲೆ ಕೂತು ಟೀ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದಿದ್ದಾರೆ. ಟೀ ಆರಿದ ಮೇಲೆ ಕುಡಿಯುತ್ತಾರೆ. ಮೊದಲು ಕೈ ಬೆಚ್ಚಗಾಗಬೇಕು. ತಣ್ಣನೆಯ ಕೈ ತಗುಲಿದರೆ ಜನ ತೋಳು ಬಿಗಿ ಹಿಡಿಯುತ್ತಾರೆ, ನರ ಒಳಗೆ ಅಡಗಿಕೊಳ್ಳುತ್ತದೆ ಎನ್ನುವುದು ಅವರ ಇಪ್ಪತ್ತೆರಡು ವರ್ಷದ ಅನುಭವ.

"ಅಕ್ಕಾರ, ಇಷ್ಟ್ ರಕ್ತ ತಗೊಂಡು ಮನ್ಯಾಗ ಸಾರ್ ಮಾಡ್ತೀರೇನ್ರಿ?" ಲೋಡಿಂಗ್ ಕೆಲಸದ ರೇವಣಸಿದ್ದ ತೋಳು ಚಾಚುತ್ತ ಕೇಳುತ್ತಾನೆ.

"ನಿನ್ನ ರಕ್ತದಲ್ಲಿ ಎಂಥಾ ಸಾರೋ? ಬರೀ ಗುಟ್ಕಾ ವಾಸ್ನೆ ಬರುತ್ತೆ. ಮುಷ್ಟಿ ಬಿಗಿ ಹಿಡಿ."

ಸಾಲಿನಲ್ಲಿ ನಿಂತವರು ನಗುತ್ತಾರೆ. ಅಷ್ಟರಲ್ಲಿ ಸೂಜಿ ಹೋಗಿ ಬಂದಾಗಿದೆ. ಬಳಸಿದ ಸೂಜಿ ಡಬ್ಬಿಗೆ, ಹೊಸದು ಕವರಿನಿಂದ ಆಚೆಗೆ, ಅದೂ ಮುಂದಿನವನ ಕಣ್ಣೆದುರಿಗೇ. ಹೊಸ ಸೂಜಿ, ಸ್ಯಾಂಪಲ್ಲುಗಳ ಚೀಲ ಮಾತ್ರ ಅವರ ತೊಡೆಯ ಮೇಲೆಯೇ ಇದೆ. ಗೋಡೆಯಲ್ಲಿ ಒಂದು ಮೊಳೆ ಇದ್ದರೂ ಅದಕ್ಕೆ ತೂಗುಹಾಕುವುದಿಲ್ಲ. ಎರಡು ವರ್ಷ ತೂಗುಹಾಕಿದ್ದೇ ಸಾಕು ಎನ್ನುತ್ತಾರೆ.

ರಾಮಮ್ಮನಿಗೆ ಐವತ್ತಾರು. ಹೇರೋಹಳ್ಳಿಯ ಹಳೇ ಒಕ್ಕಲು ಮನೆಯ ಹೆಣ್ಣುಮಗಳು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಈಗ ಮೂರು ಅಡ್ಡರಸ್ತೆಗಳಾಗಿ ಹಂಚಿಹೋಗಿದೆ. ನರ್ಸಿಂಗ್ ಹೋಮೊಂದರಲ್ಲಿ ರಕ್ತ ತೆಗೆಯುವುದನ್ನು ಕಲಿತು, ಆಮೇಲೆ ಎಚ್‌ಐವಿ ಪರೀಕ್ಷಾ ಕೇಂದ್ರಕ್ಕೆ ಗುತ್ತಿಗೆಯ ಮೇಲೆ ಸೇರಿದರು. ಇವತ್ತಿಗೂ ಕಾಯಂ ಆಗಿಲ್ಲ. ಕೆಲಸಕ್ಕೆ ಸೇರಿದ ವರ್ಷ ಕುರುಬರಹಳ್ಳಿಯಲ್ಲಿ ನಾದಿನಿಯ ಮನೆಯ ನಾಮಕರಣದಲ್ಲಿ ಇವರು ಬಡಿಸಲು ಹೋದರೆ ಪಂಕ್ತಿಯ ಅರ್ಧ ಜನ ಎಲೆ ಮೇಲೆ ಕೈ ಅಡ್ಡ ಹಿಡಿದರಂತೆ. "ನಾನು ಪಾತ್ರೆ ಅಲ್ಲೇ ಇಟ್ಟು ಕೈ ತೊಳ್ಕೊಂಡು ಬಂದುಬಿಟ್ಟೆ. ನಮ್ಮ ಯಜಮಾನ್ರು ಬೈರಪ್ಪ ಎಲೆ ಮುಂದಿಂದ ಎದ್ದು ಬಂದ್ರು. ಅವತ್ತು ಇಬ್ರೂ ದರ್ಶಿನೀಲಿ ದೋಸೆ ತಿಂದ್ವಿ" ಎಂದು ಹೇಳಿ ನಗುತ್ತಾರೆ.

ದಿನಕ್ಕೆ ಇಪ್ಪತ್ತು, ಇಪ್ಪತ್ತೆರಡು ತೋಳು. ಪ್ರತಿ ತೋಳಿಗೂ ಒಂದು ಫಾರಂ, ಫಾರಂಗೆ ಹದಿನಾಲ್ಕು ಪ್ರಶ್ನೆ. ಬಹಳ ಜನಕ್ಕೆ ಓದಲು ಬಾರದು. ರಾಮಮ್ಮ ಓದುತ್ತಾರೆ, ಅವರು ಹೇಳುತ್ತಾರೆ, ರಾಮಮ್ಮ ಟಿಕ್ ಹಾಕುತ್ತಾರೆ. ಎಂಟೂವರೆಗೆಲ್ಲ ಸ್ಯಾಂಪಲ್ಲುಗಳ ಐಸ್ ಪೆಟ್ಟಿಗೆ ಹೊತ್ತು ಬಸ್ ಹತ್ತಬೇಕು.

ಎರಡು ವರ್ಷದ ಹಿಂದೆ ಒಂದು ಸಂಶೋಧನಾ ಲ್ಯಾಬಿನವರು ಕೇಂದ್ರದ ಜೊತೆ ಸೇರಿದರು. ನಗರದ ಪಶ್ಚಿಮ ಭಾಗದಲ್ಲಿ ಈ ವೈರಾಣುವಿನ ಎಷ್ಟು ತಳಿಗಳಿವೆ, ಯಾವುದು ಎಲ್ಲಿ ಹರಡುತ್ತಿದೆ ಎಂದು ನೋಡುವುದು ಅವರ ಕೆಲಸ. ಸೋಂಕು ಹೊಸದಾಗಿ ಪತ್ತೆಯಾದವರು ಒಪ್ಪಿ ಸಹಿ ಹಾಕಿದರೆ ಅವರ ರಕ್ತದ ಒಂದು ಪಾಲು ಅಲ್ಲಿಗೆ ಹೋಗುತ್ತದೆ. ಹೆಸರಿಲ್ಲ, ಬರೀ ನಂಬರು. ಲ್ಯಾಬಿನ ವಿಜ್ಞಾನಿ ಅನು ಇದನ್ನು ವಿವರಿಸಿದಾಗ ರಾಮಮ್ಮನಿಗೆ ತಕ್ಷಣ ಅರ್ಥವಾಯಿತು. "ನಮ್ಮ ಅಜ್ಜಿ ತೆನೆ ಕೈಲಿ ಹಿಡಿದು, ಇದು ಮೇಲಿನಮನೆ ಬೀಜ, ಇದು ತೋಟದಮನೆ ಬೀಜ ಅಂತ ಹೇಳ್ತಿತ್ತು. ಒಂದೇ ರಾಗಿ. ಹತ್ತು ವರ್ಷ ಬೇರೆ ಬೇರೆ ಹೊಲದಲ್ಲಿ ಬಿತ್ತಿದ್ರೆ ಸ್ವಲ್ಪ ಬೇರೆ ಆಗ್ಬಿಡುತ್ತೆ. ಈ ವೈರಾಣುನೂ ಹಂಗೇ. ಒಂದು ಮೈಯಿಂದ ಇನ್ನೊಂದು ಮೈಗೆ ಹೋಗಿ, ವರ್ಷ ಕಳೀತಾ ಗುರುತು ಬದಲಾಯಿಸ್ಕೊಳ್ಳುತ್ತೆ."

ಕಳೆದ ಆಷಾಢದಲ್ಲಿ ಅನು ಕೇಂದ್ರಕ್ಕೆ ಬಂದು ಕಂಪ್ಯೂಟರಿನಲ್ಲಿ ಒಂದು ಚಿತ್ರ ತೆರೆದರು. ಮರದ ಹಾಗೆ ಕವಲೊಡೆದ ಗೆರೆಗಳು. ಹೆಚ್ಚಿನವು ನಮ್ಮ ದೇಶದಲ್ಲಿ ಎಲ್ಲೆಡೆ ಕಾಣುವ 'ಸಿ' ತಳಿಯವೇ, ಆದರೆ ಒಂದಕ್ಕೊಂದು ದೂರ ದೂರದ ಕೊಂಬೆಗಳು. ಕೆಳಗೆ ಒಂದು ಕಡೆ ಮಾತ್ರ ಹನ್ನೊಂದು ಗೆರೆ ಒಂದೇ ಬಿಂದುವಿನಿಂದ ಬೆರಳು ಬಿಚ್ಚಿದ ಹಾಗೆ ಹೊರಟಿದ್ದವು. ಥೇಟ್ ರಾಗಿ ತೆನೆ.

"ಈ ಹನ್ನೊಂದೂ ಹೆಚ್ಚುಕಮ್ಮಿ ಒಂದೇ, ರಾಮಮ್ಮ. ಕಡಿಮೆ ಸಮಯದಲ್ಲಿ ಒಂದೇ ಕಡೆಯಿಂದ ಹರಡಿದೆ. ಯಾರಿಂದ ಯಾರಿಗೆ ಅಂತ ಇದು ಹೇಳಲ್ಲ. ಆದ್ರೆ ಎಲ್ಲೋ ಏನೋ ಆಗಿದೆ" ಎಂದರು ಅನು.

ರಾಮಮ್ಮ ನಂಬರುಗಳನ್ನು ನೋಡಿದರು. ಹನ್ನೊಂದೂ ನಾಯಂಡಹಳ್ಳಿಯ ಸಾಲಿನವು, ತಾವೇ ಬರೆದವು. ಅವರಲ್ಲೊಬ್ಬ ಅರವತ್ತು ದಾಟಿದ ಮುದುಕ. ಒಬ್ಬಳು ಒಂಬತ್ತು ವರ್ಷದ ಹುಡುಗಿ, ಅವಳ ತಾಯಿಗೆ ಸೋಂಕಿಲ್ಲ. ಹಾಗಾದರೆ ಸೂಜಿಯಿಂದಲೇ ಹರಡಿರಬೇಕು ಎಂದು ಅನು ಹನ್ನೊಂದು ಫಾರಂಗಳನ್ನೂ ತೆಗೆಸಿದರು. ಏಳನೇ ಪ್ರಶ್ನೆ: 'ಕಳೆದ ಎರಡು ವರ್ಷಗಳಲ್ಲಿ ಸೂಜಿ ಅಥವಾ ಇಂಜೆಕ್ಷನ್ ಹಾಕಿಸಿಕೊಂಡಿದ್ದೀರಾ?' ಹನ್ನೊಂದರಲ್ಲೂ 'ಇಲ್ಲ'. ಹನ್ನೊಂದೂ ರಾಮಮ್ಮನ ನೀಲಿ ಪೆನ್ನು. "ನನ್ನ ಅಕ್ಷರಾನೇ ನನ್ನನ್ನ ದುರುಗುಟ್ಟಿ ನೋಡ್ದಂಗಾಯ್ತು" ಎನ್ನುತ್ತಾರೆ.

ಮಾರನೆಯ ಬೆಳಿಗ್ಗೆ ಅವರು ಸಾಲಿಗೆ ಹೋದಾಗ ಲಕ್ಷ್ಮಿ ತನ್ನ ಮನೆಯ ಹೊರಗೆ ಬಟ್ಟೆ ತುಂಬಿದ ಕೆಂಪು ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಪ್ಪತ್ತಾರು ವರ್ಷದ ಗಾರೆ ಕೆಲಸದವಳು, ಊರು ಯಾದಗಿರಿಯ ಕಡೆ. ಹನ್ನೊಂದರಲ್ಲಿ ಅವಳೂ ಒಬ್ಬಳು. (ಅವಳು, ಅವಳ ಮನೆಯವರು ಒಪ್ಪಿಯೇ ಇದನ್ನು ಹೇಳಿದ್ದಾರೆ. ಹೆಸರುಗಳನ್ನು ಬದಲಿಸಲಾಗಿದೆ.) ಗಂಡ ಶ್ರೀಶೈಲನಿಗೆ ಸೋಂಕಿಲ್ಲ. ಹಾಗಾದರೆ ಇವಳಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಒಂದು ತಿಂಗಳಿಂದ ಆ ಮನೆಯಲ್ಲಿ ಕುದಿಯುತ್ತಿತ್ತು. ಅವತ್ತು ಅವಳನ್ನು ತವರಿಗೆ ಸಾಗಹಾಕಿ ಮೂರು ವರ್ಷದ ಮಗಳನ್ನು ಇಲ್ಲೇ ಉಳಿಸಿಕೊಳ್ಳುವುದೆಂದು ಅತ್ತೆ ದುರ್ಗವ್ವ ತೀರ್ಮಾನ ಮಾಡಿದ್ದಳು.

"ಕೇಳ್ರಿ ಅಕ್ಕಾರ ಆಕೀನ್ನ! ಯಾವ ಮಾರಾಯ ಕೊಟ್ಟಾನಂತ ಕೇಳ್ರಿ! ನನ್ನ ಮಗ ಎಂಥಾ ದೇವರಂಥಾಂವ!"

ಶ್ರೀಶೈಲ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದ. ಕಂಪ್ಯೂಟರಿನ ಚಿತ್ರದ ವಿಷಯ ಬಾಯಿಬಿಡುವ ಹಾಗಿಲ್ಲ. ಒಬ್ಬರ ರಕ್ತದ ಸುದ್ದಿ ಇನ್ನೊಬ್ಬರಿಗೆ ಹೇಳುವುದು ಕಾನೂನಿಗೂ ವಿರುದ್ಧ, ರಾಮಮ್ಮನ ಮನಸ್ಸಿಗೂ ವಿರುದ್ಧ. ಅವರು ದುರ್ಗವ್ವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಏಳನೇ ಪ್ರಶ್ನೆಯನ್ನೇ ಮತ್ತೆ ಕೇಳಿದರು.

"ದುರ್ಗವ್ವಾ, ಸರಿಯಾಗಿ ನೆನಪು ಮಾಡ್ಕೊಂಡು ಹೇಳು. ಲಕ್ಷ್ಮಿಗೆ ಎಲ್ಲಾದ್ರೂ ಸೂಜಿ ಹಾಕ್ಸಿದ್ರಾ?"

"ಒಂದ್ ಸೂಜಿನೂ ಇಲ್ರಿ. ಬರೇ ಸಲಾಯಿನ್ ಹಚ್ಚಿಸೀವಿ."

"ಏನದು?"

"ಸಲಾಯಿನ್ರೀ. ಬಾಟ್ಲಿ. ಮೈಗೆ ಶಕ್ತಿ ಬರ್ಲೆಂತ. ಐತವಾರಕ್ಕೊಮ್ಮಿ ಒಬ್ಬ ಡಾಕ್ಟರ್ ಬರ್ತಿದ್ದ. ಆಕಿಗಷ್ಟ ಅಲ್ಲ, ನಾವೆಲ್ಲಾರೂ ಹಚ್ಚಿಸ್ಕೊಂಡೀವಿ."

ನಮ್ಮ ಕಡೆಯವರು ಗ್ಲೂಕೋಸ್ ಎನ್ನುವುದನ್ನೇ ಯಾದಗಿರಿ ಕಡೆಯವರು ಸಲಾಯಿನ್ ಎನ್ನುತ್ತಾರೆ. ಅದನ್ನು ಹಾಕಿಸಿಕೊಳ್ಳುವುದಿಲ್ಲ, ಹಚ್ಚಿಸಿಕೊಳ್ಳುತ್ತಾರೆ. ಸೂಜಿ ಅವರ ಲೆಕ್ಕದಲ್ಲಿ ಬೇರೆಯೇ ವಸ್ತು. ರಾಮಮ್ಮ ಕೇಳಿದ್ದು ಸೂಜಿಯನ್ನು, ಅವರು ಸತ್ಯವನ್ನೇ ಹೇಳಿದ್ದರು.

"ಎಲ್ಲಿ ಮಲಗಿಸ್ತಿದ್ದ?"

"ಅದ ಕ್ವಾಣ್ಯಾಗ್ರಿ. ಗ್ವಾಡಿಗೆ ಐದ್ ಮೊಳಿ ಅದಾವಲ್ಲ. ನೀವು ಚೀಲ ತೂಗಹಾಕ್ತೀರಲ್ಲ, ಆ ಮೊಳಿಗೇ ಬಾಟ್ಲಿ."

ರಾಮಮ್ಮ ತಿರುಗಿ ಕೋಣೆಯ ಕಡೆ ನೋಡಿದರು. ಎರಡು ವರ್ಷ ಹೊಸ ಸೂಜಿಗಳಿದ್ದ ಚೀಲವನ್ನು ಅವರು ಆ ಮೊಳೆಗೇ ತೂಗುಹಾಕಿದ್ದರು. ಐದು ಮೊಳೆ ಯಾಕಿವೆ ಎಂದು ಒಂದು ದಿನವೂ ಕೇಳಿರಲಿಲ್ಲ.

"ಬಾಟ್ಲಿಗೆ ಔಷಧಿ ಹೆಂಗೆ ಸೇರಿಸ್ತಿದ್ದ?"

"ಒಂದ್ ಸಿರಂಜಿ ಇಟ್ಕೊಂಡಿದ್ದ. ಮೈಗೆ ಚುಚ್ಚತಿದ್ದಿಲ್ರಿ, ನಳಿಗೆ ಚುಚ್ಚತಿದ್ದ. ಈ ನಳಿ ಆದಮ್ಯಾಲ ಆ ನಳಿ."

"ಎಲ್ಲರಿಗೂ ಅದೇ ಸಿರಂಜಾ?"

"ಮತ್ತ? ಯಾರ ಮೈಗೂ ತಾಗಿಲ್ಲಲ್ರಿ. ಒಮ್ಮೊಮ್ಮಿ ನಳ್ಯಾಗ ಕೆಂಪಗ ರಕ್ತ ಏರ್ತಿತ್ತು ನೋಡ್ರಿ, ಅದನ್ನೂ ಅದ ಸಿರಂಜಿಲೆ ಒಳಗ ದಬ್ಬತಿದ್ದ."

ಹೇಳುತ್ತ ಹೇಳುತ್ತ ದುರ್ಗವ್ವನ ಮಾತು ನಿಧಾನವಾಯಿತು. ಅವಳು ರಾಮಮ್ಮನ ಮುಖ ನೋಡಿದಳು, ಆಮೇಲೆ ಹೊರಗೆ ಕೂತ ಸೊಸೆಯನ್ನು. ಶ್ರೀಶೈಲ ಬಾಗಿಲಿಂದ ಕೇಳಿದ: "ಯವ್ವಾ, ನಾ ಒಂದಿನಾನೂ ಹಚ್ಚಿಸ್ಕೊಂಡಿಲ್ಲಲ್ಲ?" ಭಾನುವಾರ ಅವನಿಗೆ ಗೋದಾಮಿನಲ್ಲಿ ಪಾಳಿ ಇರುತ್ತಿತ್ತು.

"ನಾ ಆಕಿ ಬಾಜೂಕ ಮಲಗಿದ್ದೆನೋ" ಎಂದಳು ದುರ್ಗವ್ವ. ಎರಡನೆಯ ಮೊಳೆ ಲಕ್ಷ್ಮಿಯದು, ಮೂರನೆಯದು ದುರ್ಗವ್ವನದು. ಅದುವರೆಗೆ ಪರೀಕ್ಷೆ ಎಂದರೆ ಉಗುಳುತ್ತಿದ್ದ ಹೆಂಗಸು ಸೀರೆಯ ಸೆರಗು ಸರಿಸಿ ತೋಳು ಚಾಚಿದಳು. ಅವತ್ತು ಟೀ ಹಿಡಿದು ಕೈ ಬೆಚ್ಚಗೆ ಮಾಡಿಕೊಳ್ಳುವುದು ರಾಮಮ್ಮನಿಗೆ ಮರೆತುಹೋಗಿತ್ತು.

ಫಲಿತಾಂಶ ಬಂದ ದಿನ ದುರ್ಗವ್ವ ತಾನೇ ಸಾಲಿನ ನಲ್ಲಿಯ ಹತ್ತಿರ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳಂತೆ: "ನನಗೂ ಐತಿ. ಈಗ ಹೇಳ್ರಿ, ನನಗ ಯಾವ ಮಾರಾಯ ಕೊಟ್ಟ?"

ಬಾಟಲಿಯ ಡಾಕ್ಟರು ಅಷ್ಟರಲ್ಲಿ ಊರು ಬಿಟ್ಟಿದ್ದ. ದೂರು ದಾಖಲಾಗಿದೆ, ಆಸಾಮಿ ಸಿಕ್ಕಿಲ್ಲ. ಸಾಲಿನ ನೂರಾ ನಲವತ್ತು ಜನರಿಗೂ ಪರೀಕ್ಷೆಯಾಯಿತು. ತೆನೆಯ ಬೆರಳುಗಳು ಹದಿನಾಲ್ಕಕ್ಕೆ ನಿಂತವು. ಹದಿನಾಲ್ಕು ಜನವೂ ದಿನಾ ಮಾತ್ರೆ ನುಂಗುತ್ತಾರೆ, ದುಡಿಯುತ್ತಾರೆ. ಒಂಬತ್ತು ವರ್ಷದ ಹುಡುಗಿ ಶಾಲೆಗೆ ಹೋಗುತ್ತಾಳೆ.

"ಆ ಕಳ್ಳನ್ನ ಬೈಯೋದು ಸುಲಭ" ಎನ್ನುತ್ತಾರೆ ರಾಮಮ್ಮ. "ನಾನು ಎರಡು ವರ್ಷ ಮುಂಚೆ ಒಂದು ಮಾತು ಬಿಡಿಸಿ ಕೇಳಿದ್ದಿದ್ರೆ ಎಷ್ಟು ಜನ ಉಳೀತಿದ್ರೋ. ಅದು ಹೊಟ್ಟೇಲಿ ಹಂಗೇ ಕೂತಿದೆ."

ಅಂದಿನಿಂದ ಪ್ರತಿ ಫಾರಂನಲ್ಲಿ ಏಳನೇ ಪ್ರಶ್ನೆಯ ಪಕ್ಕ ನೀಲಿ ಪೆನ್ನಿನಲ್ಲಿ 'ಸಲಾಯಿನ್? ಗ್ಲೂಕೋಸ್?' ಎಂದು ಬರೆಯುತ್ತಾರೆ. ಈವರೆಗೆ ಎರಡು ಸಾವಿರ ಸಲ ಬರೆದಿರಬೇಕು. ಮುಂದಿನ ಮುದ್ರಣದಲ್ಲಿ ಸೇರಿಸುತ್ತೇವೆ ಎಂದು ಕಚೇರಿಯವರು ಹೇಳಿದ್ದಾರೆ. ಮೊನ್ನೆ ಹೊಸ ಕಟ್ಟು ಬಂತು, ಅದರಲ್ಲೂ ಇಲ್ಲ. "ಕೆಲಸ ಬಿಡೋಕೆ ಇನ್ನು ನಾಲ್ಕು ವರ್ಷ ಇದೆ ನಂಗೆ. ಅಷ್ಟರಲ್ಲಿ ಆ ಒಂದು ಪದ ಅಚ್ಚಾಗಿ ಬಂದ್ರೆ ಸಾಕಪ್ಪ. ನನ್ನ ಜಾಗಕ್ಕೆ ಬರೋಳು ಯಾದಗಿರಿ ಕಡೆ ಮಾತು ಕೇಳಿರ್ತಾಳೋ ಇಲ್ವೋ."

ಕೋಣೆಯಲ್ಲಿ ಈಗ ಬೆಳಕು ಬಂದಿದೆ. ನಾಲ್ಕು ಮೊಳೆಗಳನ್ನು ರೇವಣಸಿದ್ದ ಕಿತ್ತು ಎಸೆದಿದ್ದಾನೆ. ಎಷ್ಟು ಎಳೆದರೂ ಬರದ ಐದನೆಯದಕ್ಕೆ ಲಕ್ಷ್ಮಿಯ ಕೆಂಪು ಕೈಚೀಲ ತೂಗುತ್ತಿದೆ, ಖಾಲಿ. ಸೊಸೆಯ ಬಟ್ಟೆಗಳನ್ನು ಮನೆಯೊಳಗಿನ ಹಗ್ಗದ ಮೇಲೆ ಮರಳಿ ಹರವಿ ಚೀಲವನ್ನು ಇಲ್ಲಿ ತಂದು ಹಾಕಿದವಳು ದುರ್ಗವ್ವ. ಅವಳೀಗ ಸಾಲಿನ ಮುಂದೆ ಮೊಮ್ಮಗಳನ್ನು ಸೊಂಟಕ್ಕೇರಿಸಿ ನಿಂತಿದ್ದಾಳೆ. ಊರಿನಿಂದ ಹೊಸದಾಗಿ ಬಂದ ಒಬ್ಬ ಆಳು ಸ್ಟೂಲಿನ ಹತ್ತಿರ ಬರುತ್ತಾನೆ. ರಾಮಮ್ಮ ಪೆನ್ನಿನ ಮುಚ್ಚಳ ತೆಗೆಯುವ ಮುಂಚೆಯೇ ದುರ್ಗವ್ವ ಕೇಳುತ್ತಾಳೆ:

"ತಮ್ಮಾ, ಎಲ್ಲೆರ ಸಲಾಯಿನ್ ಹಚ್ಚಿಸ್ಕೊಂಡೀ ಏನು?"