ಬದರಿನಾಥರ ಜಲ್ಲಿ ಪರೀಕ್ಷೆ

ವೆಸ್ಟ್ ಮಾಂಬಲಂನ ರಸ್ತೆ ಓವರ್‌ಸಿಯರ್ ಬದರಿನಾಥರು ಜಲ್ಲಿ ಆರಿಸುತ್ತಿದ್ದದ್ದು ಮಗಳಿಗೆ ಗಂಡು ನೋಡುವ ಗತ್ತಿನಲ್ಲಿ. ಪಲ್ಲಾವರದ ಕ್ವಾರಿಯಿಂದ ಲಾರಿ ಬಂತೆಂದರೆ ಸೇನಾಪತಿಯಂತೆ ಮೇಲೇರಿ, ಕಲ್ಲಿಗೆ ಕಲ್ಲು ಕುಟ್ಟಿ ನಾದ ಕೇಳುವರು, ನೆನೆಸಿ ಮೂಸುವರು, ನುಣುಪು ಕಲ್ಲು ಕಂಡರೆ, "ಇದು ಕಾಲಡಿ ಉರುಳುತ್ತಪ್ಪಾ, ಮೂಲೆ ಇರೋದು ತಾ!" ಎಂದು ಲಾರಿಯನ್ನೇ ಹಿಂದಕ್ಕಟ್ಟುವರು. "ಅಕ್ಕೀಲಿ ಕಲ್ಲು ಆರಿಸಿ ಅಂದ್ರೆ ಮಾತ್ರ ಕಣ್ಣು ಕಾಣಲ್ಲ!" ಎಂದು ಹೆಂಡತಿ ತುಂಗಾ ಗೊಣಗುವರು. ಕಾಲೇಜು ತೆರೆಯುವುದರೊಳಗೆ ಸ್ಟೇಷನ್ ರಸ್ತೆ ಮುಗಿಯಬೇಕೆಂಬುದು ಬದರಿನಾಥರ ಹಟ. ಮುಗಿದ ದಿನ ಊರುಗೋಲು ಹಿಡಿದು, ಎಡಗಾಲು ಎಳೆಯುತ್ತಾ ಆ ಕೊನೆಯವರೆಗೆ ನಡೆದರು. "ಆಕ್ಟಿಂಗಾ ಸಾರ್? ವಡಪಳನಿ ಸ್ಟುಡಿಯೋಗೆ ಪೋಂಗೋ!" ಎಂದು ಲಾರಿ ಡ್ರೈವರ್ ನಕ್ಕ. ಮನೆಗೆ ಬಂದವರೇ ಊರುಗೋಲನ್ನು ಮಗಳು ನೀರಜಾಳಿಗೆ ಹಿಂದಿರುಗಿಸಿ, "ಎಲ್ಲೂ ಜಾರಲ್ಲಮ್ಮಾ, ನಾಳೆ ಕಾಲೇಜಿಗೆ ನೀನೊಬ್ಳೇ ಹೋಗು" ಎಂದರು. ಮರುದಿನ ನೀರಜಾ ಎಡಗಾಲು ಎಳೆಯುತ್ತಾ ಆ ರಸ್ತೆಯಲ್ಲಿ ನಡೆದಳು, ಅಪ್ಪನಿಗಿಂತ ಬೇಗ.